ಮ್ಯೂರನ್ನೋ, ವೆಂಗನ್ನೋ?

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನನ್ ಕಣಿವೆಗೆ ಹೋಗುವವರು ಸಾಮಾನ್ಯವಾಗಿ ಈ ಎರಡು ಜರ್ಮನ್ ಭಾಷಿಕ ಹಳ್ಳಿಗಳ ನಡುವೆ ತೂಗಾಡುತ್ತಾರೆ. ಕಣಿವೆಯ ಆಚೆಗೊಂದು, ಈಚೆಗೊಂದು. ಎರಡರಲ್ಲೂ ಪ್ರವಾಸಿಗರ ಕಾರುಗಳಿಗೆ ಜಾಗವಿಲ್ಲ. ಸ್ವಿಸ್ ಟ್ರಾವೆಲ್ ಪಾಸ್ (ಪ್ರವಾಸಿಗರಿಗಾಗಿ ಇರುವ ರೈಲು-ಬಸ್ಸುಗಳ ಒಟ್ಟು ಟಿಕೆಟ್) ಇದ್ದರೆ ಎರಡಕ್ಕೂ ಬೇರೆ ಟಿಕೆಟ್ ಬೇಡ.

ವಯಸ್ಸಾದ ಅಪ್ಪ-ಅಮ್ಮ, ದೊಡ್ಡ ಪೆಟ್ಟಿಗೆಗಳು ಜೊತೆಗಿದ್ದರೆ ವೆಂಗನ್ ಸಲೀಸು. ಲೌಟರ್‌ಬ್ರುನ್ನನ್‌ನಲ್ಲಿ ಹಲ್ಲುಹಳಿಯ ರೈಲು (ಹಳಿಯ ಹಲ್ಲುಗಳನ್ನು ಹಿಡಿದು ಕಡಿದಾದ ಏರು ಹತ್ತುವ ರೈಲು) ಹತ್ತಿದರೆ ನೇರ ಊರಿನೊಳಗೇ ಇಳಿಯುತ್ತೀರಿ. ಅದೇ ರೈಲು ಮೇಲಿನ ಕ್ಲೈನೆ ಶೈಡೆಗ್ ಕಣಿವೆದಾರಿಗೂ ಹೋಗುತ್ತದೆ. ಅಲ್ಲಿಂದ, 1912ರಲ್ಲಿ ಪೂರ್ಣಗೊಂಡ ಮಾರ್ಗದಲ್ಲಿ, 3,454 ಮೀಟರ್ ಎತ್ತರದ ಹಿಮದ ನಡುವಿನ ರೈಲು ನಿಲ್ದಾಣ ಯುಂಗ್‌ಫ್ರಾಯೋಖ್ ತಲುಪಬಹುದು. ಪಶ್ಚಿಮಕ್ಕೆ ತೆರೆದ ಊರಾದ್ದರಿಂದ ಸಂಜೆ ಬಿಸಿಲೂ ಚೆನ್ನಾಗಿ ಸಿಗುತ್ತದೆ. ಜನವರಿಯಲ್ಲಿ ಮಾತ್ರ ಲೌಬರ್‌ಹಾರ್ನ್ ಸ್ಕೀ ಸ್ಪರ್ಧೆಯ ದಿನಗಳನ್ನು ನೋಡಿಕೊಳ್ಳಿ. ಊರು ತುಂಬಿ ತುಳುಕುತ್ತದೆ.

ಮ್ಯೂರನ್ ಇನ್ನೂ ಎತ್ತರ, 1,638 ಮೀಟರ್. ಲೌಟರ್‌ಬ್ರುನ್ನನ್‌ನಿಂದ ಕೇಬಲ್ ಕಾರ್, ಆಮೇಲೆ ಪುಟ್ಟ ರೈಲು. ನಡುವೆ ಸಾಮಾನು ಎತ್ತಿಳಿಸಬೇಕು. ಆದರೆ ನೋಟದಲ್ಲಿ ಇದಕ್ಕೆ ಸಾಟಿಯಿಲ್ಲ. ವೆಂಗನ್‌ನಲ್ಲಿ ಯುಂಗ್‌ಫ್ರಾ ಶಿಖರ ಮಾತ್ರ ಎದ್ದು ಕಾಣುತ್ತದೆ, ಇಲ್ಲಿ ಐಗರ್, ಮೋಂಖ್, ಯುಂಗ್‌ಫ್ರಾ ಮೂರೂ ಶಿಖರಗಳು ಸಾಲಾಗಿ ಎದುರು ನಿಲ್ಲುತ್ತವೆ. ಕೆಳಗಿನ ಹಳ್ಳಿ ಗಿಮ್ಮೆಲ್‌ವಾಲ್ಡ್‌ಗೆ ನಡೆದೇ ಇಳಿಯಿರಿ: ಹುಲ್ಲುಗಾವಲು, ಮರದ ಮನೆಗಳು, ದನದ ಗಂಟೆಗಳ ಸದ್ದು. ಶಿಲ್ಟ್‌ಹಾರ್ನ್ ಶಿಖರಕ್ಕೂ ಇಲ್ಲಿಂದಲೇ ಕೇಬಲ್ ಕಾರ್. ಮೋಡ ಮುಚ್ಚಿದ್ದರೆ ದುಡ್ಡು ದಂಡ, ಬೆಳಿಗ್ಗೆ ಶಿಖರದ ನೇರ ಕ್ಯಾಮೆರಾ ದೃಶ್ಯವನ್ನು ಅಂತರ್ಜಾಲದಲ್ಲಿ ನೋಡಿಯೇ ಟಿಕೆಟ್ ಕೊಳ್ಳಿ.

ಒಂದೇ ರಾತ್ರಿ, ಯುಂಗ್‌ಫ್ರಾಯೋಖ್ ನೋಡಲೇಬೇಕು ಎನ್ನುವವರಿಗೆ ವೆಂಗನ್. ಎರಡು-ಮೂರು ರಾತ್ರಿ ಇದ್ದು ನಡೆಯುವ ಮನಸ್ಸಿದ್ದರೆ, ನನ್ನ ಆಯ್ಕೆ ಮ್ಯೂರನ್.