ಬೋರ್, ಆರ್‌ಒ, ಕಾವೇರಿ: ಮೀನಿನ ತೊಟ್ಟಿಗೆ ಯಾವ ನೀರು?

ಬೆಂಗಳೂರಿನ ನಮ್ಮ ಮನೆಯಲ್ಲಿ ಮೂರು ಥರದ ನೀರಿದೆ. ಬೋರ್ ನೀರು, ದಿನ ಬಿಟ್ಟು ದಿನ ಬರುವ ಕಾವೇರಿ, ಅಡುಗೆಮನೆಯ ಆರ್‌ಒ. 60 ಲೀಟರಿನ ತೊಟ್ಟಿಯಲ್ಲಿ ನಿಯಾನ್ ಟೆಟ್ರಾ ಸಾಕಲು ಶುರು ಮಾಡಿದ ಮೇಲೆ ಮೂರನ್ನೂ ಒಂದೊಂದಾಗಿ ಬಳಸಿ ನೋಡಿದೆ.

ಬೋರ್ ನೀರಿಗೆ ಟಿಡಿಎಸ್ ಮೀಟರ್ 780 ತೋರಿಸಿತು. ನೀರಲ್ಲಿ ಎಷ್ಟು ಕರಗಿದೆ ಅಂತ ಮೀಟರ್ ಹೇಳುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ. ಅದಕ್ಕೆ ಹನಿ ಕಿಟ್ ಬೇಕು. 5 ಮಿ.ಲೀ. ನೀರಿಗೆ ಒಂದೊಂದೇ ಹನಿ ಬಿಟ್ಟು, ಅಲ್ಲಾಡಿಸಿ, ಕಿತ್ತಳೆ ಬಣ್ಣ ಹಸಿರಾಗುವ ತನಕ ಎಣಿಸಬೇಕು. ಒಂದು ಹನಿಗೆ ಒಂದು ಡಿಗ್ರಿ ಗಡಸುತನ. ನಮ್ಮ ಬೋರ್ ನೀರು 22 ಹನಿ ಕುಡಿಯಿತು! ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಅಲುಗಾಡದಂತೆ ಹಿಡಿದಿಡುವ ಕಾರ್ಬೊನೇಟ್ ಅಂಶ, ಅಂದರೆ ಕೆಎಚ್, 15 ಇತ್ತು. ಟೆಟ್ರಾಗಳು ಸಾಯಲಿಲ್ಲ, ಆದರೆ ಬಣ್ಣ ಕಳೆದುಕೊಂಡು ಮೂಲೆ ಸೇರಿದವು. ಗಾಜಿನ ಮೇಲೆ ಬಿಳಿ ಸುಣ್ಣದ ಗೆರೆ ಬೇರೆ. ಪಕ್ಕದ ತೊಟ್ಟಿಯ ಗಪ್ಪಿಗಳು ಮಾತ್ರ ಅದೇ ನೀರಲ್ಲಿ ಮರಿ ಹಾಕುತ್ತಲೇ ಇದ್ದವು.

ಆಮೇಲೆ ಪೂರ್ತಿ ಆರ್‌ಒಗೆ ಬದಲಾಯಿಸಿದೆ. ಟಿಡಿಎಸ್ 40, ಕೆಎಚ್ ಸೊನ್ನೆ. ಶುದ್ಧ ನೀರು, ಇನ್ನೇನು ಬೇಕು ಅಂದುಕೊಂಡೆ. ತಪ್ಪಾಗಿದ್ದು ಅಲ್ಲೇ. ಫಿಲ್ಟರಿನ ಬ್ಯಾಕ್ಟೀರಿಯಾ ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ತಡೆಯಲು ಕೆಎಚ್ ಇಲ್ಲದಿದ್ದರೆ ಪಿಎಚ್ ಜಾರುತ್ತಾ ಹೋಗುತ್ತದೆ. ನನ್ನ ಕಿಟ್‌ನ ಕೊನೆಯ ಬಣ್ಣ 6.0, ಅದಕ್ಕಿಂತಲೂ ಕೆಳಗೆ ಇಳಿದಿತ್ತು. ಅಷ್ಟು ಕಡಿಮೆ ಪಿಎಚ್‌ನಲ್ಲಿ ಆ ಬ್ಯಾಕ್ಟೀರಿಯಾ ಮಂದವಾಗಿ ಅಮೋನಿಯಾ ಸೇರಿಕೊಳ್ಳುತ್ತದೆ. ಆದರೆ ಅದು ಹೆಚ್ಚು ಹಾನಿ ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. ನಾನು ಗಾಬರಿಯಾಗಿ ಎರಡು ಬಕೆಟ್ ಬೋರ್ ನೀರು ಸುರಿದೆ. ಪಿಎಚ್ ಒಮ್ಮೆಲೇ ಏರಿ ಆ ಅಮೋನಿಯಂ ವಿಷವಾಯಿತು. ಬೆಳಗ್ಗೆ ನಾಲ್ಕು ಟೆಟ್ರಾ ತಳದಲ್ಲಿದ್ದವು. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ಆರ್‌ಒ ತೊಟ್ಟಿ ಕೆಟ್ಟರೆ ಸ್ವಲ್ಪಸ್ವಲ್ಪವೇ ಸರಿಮಾಡಿ, ದಯವಿಟ್ಟು.

ಕಾವೇರಿ ನದಿಯ ನೀರು, ಹಾಗಾಗಿ ಬೋರ್‌ನಷ್ಟು ಗಡಸಲ್ಲ. ನಮ್ಮಲ್ಲಿ ಗಡಸುತನ 7, ಕೆಎಚ್ 5 ಬಂತು. ಟೆಟ್ರಾಗಳ ನೀಲಿ ಗೆರೆ ವಾರದಲ್ಲೇ ಮತ್ತೆ ಹೊಳೆಯಿತು. ಕ್ಲೋರಿನ್ ಇರುತ್ತದೆ, ಅದನ್ನು ತೆಗೆಯುವ ಹನಿ ಹಾಕಿಯೇ ಬಳಸಬೇಕು. ನನಗೆ ಇದೇ ಇಷ್ಟ. ಆದರೆ ಬೇಸಿಗೆಯಲ್ಲಿ ಸಂಪ್‌ಗೆ ಟ್ಯಾಂಕರ್ ನೀರು ಬೀಳುತ್ತದೆ, ಆಗ ಲೆಕ್ಕವೆಲ್ಲ ಉಲ್ಟಾ. ಒಂದು ವಾರ 9 ಹನಿ, ಮುಂದಿನ ವಾರ 17.

ಅದಕ್ಕೇ ಈಗ ಎರಡು ಪಾಲು ಆರ್‌ಒ, ಒಂದು ಪಾಲು ಬೋರ್ ಬೆರೆಸುತ್ತೇನೆ. ಗಡಸುತನ 8, ಕೆಎಚ್ 5. ಹೆಚ್ಚುಕಡಿಮೆ ಕಾವೇರಿಯೇ ಅಲ್ವಾ? ಬೆರೆಸಿದ ಬಕೆಟ್‌ಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ ಒಂದು ರಾತ್ರಿ ಬಿಡುತ್ತೇನೆ. ಆಗ ತಾನೇ ಎತ್ತಿದ ಬೋರ್ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಅದು ಹೋದ ಮೇಲೆಯೇ ನಿಜವಾದ ಪಿಎಚ್ ಸಿಗುವುದು. ವಾರಕ್ಕೆ 15 ಲೀಟರ್ ಬದಲಾಯಿಸಿದರೆ ಸಾಕು.

ಗಪ್ಪಿಗಳಿಗೆ ಮಾತ್ರ ಈಗಲೂ ಬರೀ ಬೋರ್ ನೀರೇ.