ಅಜ್ಜಿ ಮನೆ, ಹಾಸ್ಟೆಲ್, ಪಾಲಿನ ಮನೆ: ಲೈಪ್‌ಜಿಗ್‌ನಲ್ಲಿ ನಾನಿದ್ದ ಮೂರು ಜಾಗ

ಚಿಕ್ಕಪ್ಪನ ಮಗಳು ಜರ್ಮನಿಗೆ ಹೊರಟಿದ್ದಾಳೆ. ಪಿಯುಸಿ ಮುಗಿದಿದೆ, ವಯಸ್ಸು ಹದಿನೆಂಟು. ನಾನು ಅಲ್ಲಿನ ಲೈಪ್‌ಜಿಗ್ ಊರಿಗೆ ಓದಲು ಹೋದಾಗಲೂ ಅಷ್ಟೇ. ರಜೆಗೆ ಮೂಡಿಗೆರೆಗೆ ಬಂದ ನನ್ನನ್ನು ಜಗಲಿ ಮೇಲೆ ಹಿಡಿದು ಕೂರಿಸಿ, "ಅಕ್ಕಾ, ಅಲ್ಲಿ ಎಲ್ಲಿರೋದು ಒಳ್ಳೇದು?" ಅಂದಳು. ಚಿಕ್ಕಪ್ಪನಿಗೆ ಬೇಕಿದ್ದದ್ದು ಬಾಡಿಗೆ ಲೆಕ್ಕ ಮಾತ್ರ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಅಜ್ಜಿಯೊಬ್ಬರ ಮನೆಯ ರೂಮಿಗೆ ತಿಂಗಳಿಗೆ 380 ಯೂರೋ ಕೊಡುತ್ತಿದ್ದೆ. ವಿದ್ಯಾರ್ಥಿ ಹಾಸ್ಟೆಲ್‌ಗೆ 260. ಮೂವರು ಸೇರಿ ಹಿಡಿದ ಮನೆಯಲ್ಲಿ ನನ್ನ ಪಾಲು 310. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ಮೊದಲೇ ದುಡ್ಡು ಹಾಕಿಟ್ಟು ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯಬಹುದಾದ ಬ್ಯಾಂಕ್ ಖಾತೆ) ಈಗ ವರ್ಷಕ್ಕೆ 11,904 ಯೂರೋ ತೋರಿಸಬೇಕು. ಅದರಲ್ಲಿ ತಿಂಗಳಿಗೆ ಕೈಗೆ ಬರುವುದು 992. ಹಾಗಾಗಿ ಎಲ್ಲರೂ ಹಾಸ್ಟೆಲ್ಲೇ ಸರಿ ಅನ್ನುತ್ತಾರೆ. ನಾನು ಅನ್ನಲ್ಲ.

ಮೊದಲ ಆರು ತಿಂಗಳು ಅಜ್ಜಿ ಮನೆ. ಜರ್ಮನಿ ಎರಡಾಗಿದ್ದಾಗ ರಷ್ಯಾ ಕಡೆಗಿದ್ದ ಪೂರ್ವ ಜರ್ಮನಿಯ ಕಾಲದವರು, ಶಾಲೆಯಲ್ಲಿ ಕಲಿತದ್ದು ರಷ್ಯನ್. ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ನಮ್ಮ ಪಿಯುಸಿ ಮುಗಿಸಿದವರು ಸಾಮಾನ್ಯವಾಗಿ ಅಲ್ಲಿ ನೇರವಾಗಿ ಡಿಗ್ರಿ ಸೇರುವ ಹಾಗಿಲ್ಲ, ಸ್ಟುಡಿಯೆನ್‌ಕೊಲೆಗ್ ಅಂತ ಒಂದು ವರ್ಷದ ಓದು ಮುಗಿಸಿ ಪರೀಕ್ಷೆ ಪಾಸಾಗಬೇಕು. ನನಗೆ ಪಾಠವೆಲ್ಲ ಜರ್ಮನ್‌ನಲ್ಲೇ. ಅಜ್ಜಿಯ ಅಡುಗೆಮನೆಯೇ ನನ್ನ ಟ್ಯೂಷನ್ ಆಯಿತು.

ಕಿರಿಕಿರಿ ಕಡಿಮೆ ಇರಲಿಲ್ಲ. ರಾತ್ರಿ ಹತ್ತರ ಮೇಲೆ ಸ್ನಾನ ಮಾಡುವ ಹಾಗಿಲ್ಲ, ಸದ್ದಾಗುತ್ತದೆ. ಗೆಳತಿಯರು ಬರುವ ಹಾಗಿಲ್ಲ. ಡಿಸೆಂಬರ್ ಚಳಿಯಲ್ಲೂ ದಿನಕ್ಕೆರಡು ಸಲ ಕಿಟಕಿಗಳನ್ನೆಲ್ಲ ಹತ್ತು ನಿಮಿಷ ಪೂರ್ತಿ ತೆಗೆದಿಡುತ್ತಿದ್ದರು, ಗೋಡೆಗೆ ಬೂಷ್ಟು ಹಿಡಿಯುತ್ತದೆ ಅಂತ. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುವ ಊರಿನವಳಿಗೆ ಬೂಷ್ಟಿನ ಪಾಠ!

ಒಂದು ಭಾನುವಾರ ಊರಿಂದ ಒಯ್ದ ಪುಡಿಯಲ್ಲಿ ಫಿಲ್ಟರ್ ಕಾಫಿ ಮಾಡಿಕೊಟ್ಟೆ. ಒಂದು ಗುಟುಕು ಕುಡಿದವರೇ ಲೋಟ ಕೆಳಗಿಟ್ಟು, "ಚಿಕೋರಿ ಹಾಕಿದ್ದೀಯಾ?" ಅಂದರು. ಹೌದು ಅಂದೆ. ಆಮೇಲೆ ಒಂದು ಗಂಟೆ ಕಥೆ. 1975ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟು ಹೋದವು, ರೇಟು ಏರಿತು. ಡಾಲರ್ ಇಲ್ಲದ ಪೂರ್ವ ಜರ್ಮನಿ ಸರ್ಕಾರ 1977ರಲ್ಲಿ ಬೆರಕೆ ಕಾಫಿ ತಂದಿತು. ಅದರಲ್ಲಿ ಕಾಫಿ 51 ಪರ್ಸೆಂಟ್, ಉಳಿದದ್ದು ಚಿಕೋರಿ, ಧಾನ್ಯ ಇತ್ಯಾದಿ. ಜನ ರೊಚ್ಚಿಗೆದ್ದರಂತೆ. ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಬ್ರೆಜಿಲ್ ಹಿಮ ಅಂದರೆ ನಮಗೆ ಒಳ್ಳೆ ರೇಟು ಅಂತ ಮಾತ್ರ ಗೊತ್ತಿತ್ತು. ಅವತ್ತು ಒಂದು ಗಂಟೆ ಡಿಕ್ಷನರಿ ಮುಟ್ಟದೆ ಜರ್ಮನ್ ಕೇಳಿದ್ದೆ. ಗೊತ್ತಾದದ್ದು ರಾತ್ರಿ ಮಲಗಿದಾಗ.

ಆಮೇಲೆ ದುಡ್ಡು ಉಳಿಸೋಣ ಅಂತ ಹಾಸ್ಟೆಲ್‌ಗೆ ಹೋದೆ. ಪಿಯುಸಿ ಹಾಸ್ಟೆಲ್ಲಿನ ಗಲಾಟೆ, ಬೆಲ್ಲು, ವಾರ್ಡನ್ ಬೈಗುಳವೇ ನನ್ನ ತಲೆಯಲ್ಲಿತ್ತು. ಇಲ್ಲಿ ಉದ್ದದ ಕಾರಿಡಾರು, ಮುಚ್ಚಿದ ಬಾಗಿಲುಗಳು, ಅಷ್ಟೇ. ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ಕಟ್ಟುವ ಟಿವಿ-ರೇಡಿಯೋ ಪ್ರಸಾರ ಶುಲ್ಕ, ತಿಂಗಳಿಗೆ 18.36 ಯೂರೋ, ಇಲ್ಲಿ ಪೂರ್ತಿ ನನ್ನ ತಲೆ ಮೇಲೆ ಬಂತು. ಹಾಗಾಗಿ ಉಳಿತಾಯವೂ ಅಂದುಕೊಂಡಷ್ಟಿಲ್ಲ.

ಎರಡನೇ ಚಳಿಗಾಲದಲ್ಲಿ ಜ್ವರ ಬಂತು. ನಾಲ್ಕು ಗಂಟೆಗೆಲ್ಲ ಕತ್ತಲು. ಊರಲ್ಲಿ ಆಗ ಎಂಟೂವರೆ, ಅಮ್ಮ ಫೋನ್ ಮಾಡುವ ಹೊತ್ತು. "ಊಟ ಆಯ್ತಾ ಮಗಾ?" "ಆಯ್ತಮ್ಮ." ಆಗಿರಲಿಲ್ಲ. ಮೂರನೇ ದಿನ ಭಾನುವಾರ, ಅಂಗಡಿಗಳೆಲ್ಲ ಬಂದ್, ರೂಮಲ್ಲಿ ಬ್ರೆಡ್ಡೂ ಇಲ್ಲ. ಎದುರಿನ ಬಾಗಿಲು ತಟ್ಟಿದೆ. ಮುಖವನ್ನೇ ನೋಡಿರದ ಹುಡುಗಿ ಸೂಪು ಮಾಡಿಕೊಟ್ಟಳು. ಆ ಎಂಟು ಹೆಜ್ಜೆ ನಡೆಯಲು ನನಗೆ ಮೂರು ದಿನ ಬೇಕಾಯಿತು.

ಪಾಲಿನ ಮನೆ ಸಿಗುವುದೇ ಒಂದು ಕಥೆ. ಮೊದಲೇ ಇರುವವರು ಕರೆದು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಅಡುಗೆ ಬರುತ್ತಾ, ಬೇಗ ಏಳ್ತೀಯಾ, ಹವ್ಯಾಸ ಏನು? ಥೇಟ್ ಹೆಣ್ಣು ನೋಡುವ ಶಾಸ್ತ್ರ, ಉಪ್ಪಿಟ್ಟು ಕೇಸರಿಬಾತ್ ಒಂದಿಲ್ಲ. ಆರು ಮನೆಯವರು ಒಪ್ಪಲಿಲ್ಲ. ಏಳನೆಯವರು ಒಪ್ಪಿದರು.

ಅಲ್ಲಿ ಫ್ರಿಜ್ ಮೇಲೆ ಕ್ಲೀನಿಂಗ್ ಪಟ್ಟಿ. ಒಬ್ಬ ಹುಡುಗ ಮೊಟ್ಟೆ ಹುರಿದ ಬಾಣಲೆಯನ್ನು ಹಾಗೇ ಬಿಡುತ್ತಿದ್ದ. ಸುಮ್ನೆ ಒಂದು ತಿಂಗಳು ನಾನೇ ತೊಳೆದೆ. ದೊಡ್ಡವರ ಎದುರು ಮಾತಾಡಬಾರದು ಅಂತ ಬೆಳೆದವಳಲ್ವಾ! ಕೊನೆಗೊಂದು ಬೆಳಗ್ಗೆ, "ಇನ್ಮೇಲೆ ನಿನ್ನ ಬಾಣಲೆ ನಾನು ತೊಳೆಯಲ್ಲ" ಅಂದೆ. ಕೈ ನಡುಗುತ್ತಿತ್ತು. ಅವನು "ಸರಿ" ಅಂದು ಬ್ರೆಡ್ ತಿನ್ನುವುದನ್ನು ಮುಂದುವರಿಸಿದ. ವಾರ ಬಿಟ್ಟು ಅವನ ಸರದಿ: ನನ್ನ ಒಗ್ಗರಣೆ ಘಾಟು ಅವನ ಅಂಗಿಗೆಲ್ಲ ಹಿಡಿಯುತ್ತದಂತೆ. ನಿಜವೇ. ಅವತ್ತಿಂದ ಒಗ್ಗರಣೆ ಆದ ಮೇಲೆ ಕಿಟಕಿ ಪೂರ್ತಿ ತೆಗೆದಿಡುತ್ತೇನೆ. ಹತ್ತು ನಿಮಿಷ, ಅಜ್ಜಿ ಲೆಕ್ಕ.

ತಂಗಿಗೆ ನಾನು ಹೇಳಿದ್ದು ಇಷ್ಟು: ಮೊದಲ ಆರು ತಿಂಗಳು ಯಾರಾದರೂ ಇರುವ ಮನೆ, ಭಾಷೆ ಬಂದ ಮೇಲೆ ಪಾಲಿನ ಮನೆ. ಕೈ ತೀರಾ ಬಿಗಿಯಿದ್ದರೆ ಮಾತ್ರ ಹಾಸ್ಟೆಲ್. ಎಲ್ಲೇ ಆಗಲಿ, ವಿಳಾಸ ನೋಂದಣಿಗೆ ಮನೆ ಕೊಡುವವರು ಸಹಿ ಹಾಕುತ್ತಾರಾ ಅಂತ ಮೊದಲೇ ಕೇಳಬೇಕು. ಮನೆ ಸೇರಿದ ಎರಡು ವಾರದೊಳಗೆ ಸರ್ಕಾರಿ ಕಚೇರಿಯಲ್ಲಿ ವಿಳಾಸ ಬರೆಸಬೇಕು, ಅದಕ್ಕೆ ಆ ಸಹಿಯ ಕಾಗದ ಬೇಕು. ಸಹಿ ಹಾಕಲ್ಲ ಅನ್ನುವವರ ಕಡೆ ತಿರುಗಿಯೂ ನೋಡಬಾರದು, ಎಷ್ಟೇ ಅಗ್ಗವಾಗಿದ್ದರೂ.

"ತಿಂಗಳಿಗೆ 120 ಯೂರೋ ಜಾಸ್ತಿ ಆಗ್ತದಲ್ಲ ಮಾರಾಯ್ತಿ" ಅಂತ ಚಿಕ್ಕಪ್ಪ ಇನ್ನೂ ಗೊಣಗುತ್ತಿದ್ದಾರೆ. ಅಜ್ಜಿಗೆ ಫೋನ್ ಮಾಡಿದೆ. ರೂಮು ಖಾಲಿ ಇದೆಯಂತೆ. ಹುಡುಗಿ ಬರುವಾಗ ಕಾಫಿ ಪುಡಿ ತರಲಿ, ಚಿಕೋರಿ ಇಲ್ಲದ್ದು ಅಂದರು.