ಓದೋ ಕನ್ನಡಕಕ್ಕೆ ಹೋಗಿ 8,940 ರೂಪಾಯಿ ತೆತ್ತು ಬಂದೆವು

ಅಮ್ಮನಿಗೆ ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಆರು ವಾರ ಬಿಟ್ಟು ಡಾಕ್ಟರು ಚೀಟಿ ಕೊಟ್ಟರು. ದೂರಕ್ಕೆ ಏನೂ ಬೇಡ, ಓದುವುದಕ್ಕೆ ಮಾತ್ರ ಪ್ಲಸ್ 2.50. ಬಸ್ ಸ್ಟಾಪ್ ಪಕ್ಕದ ಹೊಸ ಅಂಗಡಿಯ ಮುಂದೆ 'ಫ್ರೇಮ್ 499ರಿಂದ' ಅಂತ ದೊಡ್ಡ ಬೋರ್ಡು. ಒಳಗೆ ಹೋದೆವು.

499ರ ಫ್ರೇಮುಗಳು ಮೂಲೆಯ ಒಂದು ಟ್ರೇಯಲ್ಲಿ ನಾಲ್ಕೋ ಐದೋ ಇದ್ದವು, ಎಲ್ಲವೂ ಮಕ್ಕಳ ಅಳತೆ. ಹುಡುಗ ಬಲು ವಿನಯವಂತ. "ಅಮ್ಮ, ಕೂತ್ಕೊಳ್ಳಿ, ನೀರು ಕುಡೀರಿ, ಚೆಕಪ್ ಫ್ರೀ" ಅಂದ. ಡಾಕ್ಟರ ಚೀಟಿ ಇದೆಯಲ್ಲ ಅಂದರೆ, "ಇರಲಿ ಸಾರ್, ನಮ್ಮ ಮೆಷಿನ್ನಲ್ಲೂ ನೋಡಿಬಿಡೋಣ" ಅಂತ ಕೂರಿಸಿದ. ದೂರಕ್ಕೆ ಮೈನಸ್ 0.25 ಬಂತು. ಕನ್ನಡಕದ ಲೆಕ್ಕದಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಸಣ್ಣ ಮೆಟ್ಟಿಲೇ ಇರುವುದಿಲ್ಲ. ಆದರೆ ಅವನ ಮುಖ ನೋಡಿದ್ದರೆ ಏನೋ ದೊಡ್ಡ ಕಾಯಿಲೆ ಸಿಕ್ಕಿತು ಅನ್ನಬೇಕು. "ದೂರಕ್ಕೂ ಪವರ್ ಇದೆ ಅಮ್ಮ. ಪ್ರೋಗ್ರೆಸಿವ್ ಹಾಕಿಸಿಬಿಡಿ, ದೂರಕ್ಕೂ ಓದೋಕೂ ಒಂದೇ ಗಾಜು, ತೆಗೆಯೋದು ಹಾಕೋದು ತಾಪತ್ರಯ ಇರಲ್ಲ."

ಆಮೇಲೆ ಬಂತು ಆ ಪೆನ್ನಿನಾಟ. ನೀವೂ ನೋಡಿರಬಹುದು. ಒಂದು ಬಿಳಿ ಕಾರ್ಡು, ಒಂದು ಲೇಸರ್ ಪೆನ್ನು. ನೇರ ಬಿಟ್ಟರೆ ಕಾರ್ಡಿನ ಮೇಲೆ ನೇರಳೆ ಚುಕ್ಕೆ ಮೂಡುತ್ತದೆ. ನಡುವೆ 'ಬ್ಲೂ ಕಟ್' ಗಾಜು, ಅಂದರೆ ನೀಲಿ ಬೆಳಕು ತಡೆಯುತ್ತದೆ ಅಂತ ಮಾರುವ ಗಾಜು, ಹಿಡಿದರೆ ಚುಕ್ಕೆ ಇಲ್ಲ. "ಮೊಬೈಲ್ ನೋಡ್ತೀರಲ್ಲ ಅಮ್ಮ, ಇದೇ ಕಣ್ಣೊಳಗೆ ಹೋಗೋದು." ಅಮ್ಮ ಹೆದರಿದರು. ನಾನೂ ತಲೆಯಾಡಿಸಿದೆ. ಮನೆಗೆ ಬಂದು ಓದಿದ ಮೇಲೆ ತಿಳಿಯಿತು, ಅಂಥ ಪೆನ್ನಿನ ಬೆಳಕಿನ ಅಲೆಯ ಉದ್ದ ಸಾಮಾನ್ಯವಾಗಿ 405 ನ್ಯಾನೋಮೀಟರ್. ಮೊಬೈಲಿನ ನೀಲಿ ಬೆಳಕು ಹೆಚ್ಚಾಗಿ 450ರ ಆಸುಪಾಸಿನದು. ಅದನ್ನು ತಡೆದ ಗಾಜು ಇದನ್ನೂ ಅಷ್ಟೇ ತಡೆಯುತ್ತದೆ ಅಂತ ಏನಿಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 2023ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ಕಂಪ್ಯೂಟರಿನಿಂದಾಗುವ ಕಣ್ಣಿನ ಆಯಾಸ ಈ ಗಾಜಿನಿಂದ ಕಡಿಮೆ ಆಗಲಿಕ್ಕಿಲ್ಲ ಅಂತಲೇ ಹೇಳಿದ್ದಾರೆ.

ಬೇಡ ಅನ್ನೋಣ ಅಂದುಕೊಂಡೆ. ಅಮ್ಮ ನನ್ನ ಕೈ ಒತ್ತಿ, "ಪಾಪ, ಅರ್ಧ ಗಂಟೆಯಿಂದ ತೋರಿಸ್ತಿದ್ದಾನೆ" ಅಂದರು. ಅಲ್ಲೇ ಮುಗಿಯಿತು. ದಾಕ್ಷಿಣ್ಯಕ್ಕೆ ಬಸಿರಾದ ಹಾಗೆ! ಫ್ರೇಮ್ 2,490, ಲೆನ್ಸ್ 5,950, ಒರೆಸುವ ಬಟ್ಟೆ ಮತ್ತು ಒಂದು ಸ್ಪ್ರೇಗೆ 500. ಎರಡನೇ ಫ್ರೇಮ್ ಫ್ರೀ, ಅದಕ್ಕೆ ಲೆನ್ಸ್ ಮಾತ್ರ ಬೇರೆ ದುಡ್ಡು. ಅದನ್ನು ಬಿಟ್ಟುಬಂದೆವು. ಅಷ್ಟಾದರೂ ಬುದ್ಧಿ ಇತ್ತು.

ಕನ್ನಡಕ ಬಂದ ಮಾರನೇ ದಿನವೇ ಅಮ್ಮ ಮೆಟ್ಟಿಲಲ್ಲಿ ಮುಗ್ಗರಿಸಿದರು. ಕಂಬಿ ಹಿಡಿದಿದ್ದರಿಂದ ಬಚಾವ್. ಪ್ರೋಗ್ರೆಸಿವ್ ಗಾಜಿನ ಕೆಳಭಾಗ ಓದುವುದಕ್ಕೆ ಇರುತ್ತದೆ. ಕೆಳಗೆ ನೋಡಿದರೆ ಮೆಟ್ಟಿಲು ಮಸುಕು. ರೂಢಿಯಾದವರಿಗೆ ತೊಂದರೆ ಕಡಿಮೆ ಇರಬಹುದು, ಆದರೆ ದೂರಕ್ಕೆ ಕನ್ನಡಕವೇ ಬೇಡದವರಿಗೆ ಇದು ಯಾಕೆ ಬೇಕಿತ್ತು? ಇನ್ನೊಂದು ವಿಷಯ. ಈ ಗಾಜು ಮಾಡಿಸುವಾಗ ಫ್ರೇಮ್ ಮುಖದ ಮೇಲೆ ಇಟ್ಟು, ಪಾಪೆ ಎಲ್ಲಿ ಬರುತ್ತದೆ ಅಂತ ಪೆನ್ನಿನಲ್ಲಿ ಗುರುತು ಹಾಕಬೇಕು. ನಮ್ಮ ಹುಡುಗ ಲೇಸರ್ ಪೆನ್ನು ತೆಗೆದ, ಈ ಪೆನ್ನು ತೆಗೆಯಲೇ ಇಲ್ಲ. ವಾಪಸ್ ಕೇಳಿದರೆ "ಪವರ್ ಹಾಕಿದ ಮೇಲೆ ಆಗಲ್ಲ ಸಾರ್" ಅಂದ. ಬಿಲ್ಲಿನಲ್ಲಿ 'ಲೆನ್ಸ್ ಪ್ಯಾಕೇಜ್' ಅಂತ ಒಂದೇ ಸಾಲು.

ಕೊನೆಗೆ ಹಳೇ ಅಂಗಡಿಯೊಂದರಲ್ಲಿ ಅದೇ ಡಾಕ್ಟರ ಚೀಟಿ ಕೊಟ್ಟು ಬರೀ ಓದುವ ಕನ್ನಡಕ ಮಾಡಿಸಿದೆ. 650 ರೂಪಾಯಿ. ಅಮ್ಮ ಈಗ ಪೇಪರ್ ಓದುವುದು ಅದರಲ್ಲೇ.

ನೀವು ಹೋದರೆ ಚೀಟಿಯಲ್ಲಿ ಏನಿದೆಯೋ ಅಷ್ಟನ್ನೇ ಕೇಳಿ. ಅಂಗಡಿಯ ಮೆಷಿನ್ ಬೇರೆ ಹೇಳಿದರೆ ಡಾಕ್ಟರಿಗೆ ಒಂದು ಫೋನ್ ಮಾಡಿ. ಅಡ್ವಾನ್ಸ್ ಕೊಡುವ ಮುಂಚೆ ಫ್ರೇಮಿಗೆಷ್ಟು, ಲೆನ್ಸಿಗೆಷ್ಟು, ಕೋಟಿಂಗಿಗೆಷ್ಟು ಅಂತ ಬೇರೆಬೇರೆ ಬರೆಸಿಕೊಳ್ಳಿ. ಗಲಾಟೆ ಆದರೆ ಗ್ರಾಹಕರ ಸಹಾಯವಾಣಿ 1915 ಇದೆ. ಫೋನ್ ನಂಬರ್ ಕೊಡಲೇಬೇಕು ಅಂದರೆ ಬೇಡ ಅನ್ನಿ. ಹಾಗೆ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಹೇಳಿದೆ. ನಾನು ಕೊಟ್ಟುಬಂದಿದ್ದೆ. ಇವತ್ತು ಬೆಳಿಗ್ಗೆಯೂ ಮೆಸೇಜ್ ಬಂತು, "ನಿಮ್ಮ ಎರಡನೇ ಫ್ರೇಮ್ ಕಾಯುತ್ತಿದೆ" ಅಂತ.